ಮರೆವೋ, ಮೌನವೋ, ನೆಟ್‌ವರ್ಕೋ

ಐನ್ ಖಾಲಿದ್
ದೋಹಾ, ಜೂನ್ 12, 2020

ಮರಳುರಂಗ ತಂಡದ ಮಾನ್ಯ ನಿರ್ದೇಶಕರಾದ ಪ್ರಶಾಂತ್ ಅವರಿಗೆ,

ನಮಸ್ಕಾರಗಳು. ನೀವು ನಿನ್ನೆ ಗ್ರೂಪಿನಲ್ಲಿ ಹಾಕಿದ ಪ್ರಕಟಣೆ ಓದಿದೆ. ಕೊರೋನಾ ಕಾರಣದಿಂದ ಈ ವರ್ಷದ ರಾಜ್ಯೋತ್ಸವದ ನಾಟಕ ಸಭಾಂಗಣದಲ್ಲಿ ಇಲ್ಲ, ಝೂಮಿನಲ್ಲಿ. ಅವರವರ ಮನೆಯಿಂದ ಅವರವರು ನಟಿಸುವುದು. ಆದ್ದರಿಂದ "ಸೆಟ್, ಲೈಟು, ಮೇಕಪ್, ಬಾಡಿಗೆ ಕುರ್ಚಿ, ಚಹಾದ ಫ್ಲಾಸ್ಕು, ಪ್ರಾಂಪ್ಟರ್ ಯಾವುದೂ ಬೇಕಾಗಿಲ್ಲ" ಎಂದು ಬರೆದಿದ್ದೀರಿ. ಕೊನೆಗೆ ಒಂದು ನಗುವ ಮುಖವನ್ನೂ ಅಂಟಿಸಿದ್ದೀರಿ.

ಹದಿನೆಂಟು ವರ್ಷದಿಂದ ಈ ತಂಡದ ಪ್ರಾಂಪ್ಟರ್ ನಾನು. ಫ್ಲಾಸ್ಕಿನ ನಂತರ ನನ್ನ ಹೆಸರು ಬಂದದ್ದು ಇದೇ ಮೊದಲು. ಫ್ಲಾಸ್ಕಿಗಾದರೂ ಮುಚ್ಚಳ ಇದೆ. ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಂಡದ ವ್ಯವಹಾರವೆಲ್ಲ ಕನ್ನಡದಲ್ಲಿ, ಪತ್ರದಲ್ಲಿಯೇ ನಡೆಯಬೇಕು ಎಂಬ ನಿಯಮ ಮಾಡಿಸಿದವಳೂ ನಾನೇ. ಒಂದು ವಾಯ್ಸ್ ಮೆಸೇಜಿನಿಂದ ತಂಡದ ಹೆಂಗಸರೆಲ್ಲ ಎರಡು ಪಾರ್ಟಿಯಾದ ವರ್ಷ ನೀವಿನ್ನೂ ದೋಹಾಕ್ಕೆ ಬಂದಿರಲಿಲ್ಲ.

ಪ್ರಾಂಪ್ಟಿಂಗ್ ಎಂದರೆ ಪುಸ್ತಕ ಹಿಡಿದು ಪಿಸುಗುಡುವುದು ಎಂದು ನೀವು ತಿಳಿದಂತಿದೆ. ಅಷ್ಟೇ ಆದರೆ ಯಾರು ಬೇಕಾದರೂ ಮಾಡಬಹುದು. ರಂಗದ ಮೇಲೆ ಮಾತು ನಿಂತಾಗ, ನಟ ಮರೆತು ನಿಂತನೋ ಬೇಕೆಂದೇ ನಿಂತನೋ ಎಂದು ತಿಳಿಯುವುದು ನನ್ನ ಕೆಲಸ. ಮೌನದ ನಡುವೆ ಸಾಲು ಎತ್ತಿಕೊಟ್ಟರೆ ದೃಶ್ಯ ಕೆಟ್ಟಿತು. ಮರೆವಿನಲ್ಲಿ ಎತ್ತಿಕೊಡದಿದ್ದರೆ ನಟ ಕೆಟ್ಟ. ತೀರ್ಮಾನ ಮಾಡಲು ಸಿಗುವುದು ಒಂದು ಉಸಿರಿನಷ್ಟು ಹೊತ್ತು. ಕತ್ತಲ ಸೈಡ್‌ವಿಂಗಿನಲ್ಲಿ ಸ್ಟೂಲಿನ ಮೇಲೆ ಕೂತು ಈ ತಂಡದ ಎಲ್ಲ ನಾಟಕಗಳನ್ನೂ ಹಾಗೇ ದಡ ಮುಟ್ಟಿಸಿದ್ದೇನೆ. ನಮ್ಮ ನಾಯಕ ನಟ ಸಯೀದ್ ಭಾಯ್ ಒಬ್ಬರಿಗೇ ಎತ್ತಿಕೊಟ್ಟ ಸಾಲುಗಳನ್ನು ಒಟ್ಟು ಮಾಡಿದರೆ ಇನ್ನೊಂದು ನಾಟಕವಾಗುತ್ತದೆ, ನೀವು ಬರೆದದ್ದಕ್ಕಿಂತ ಚೆನ್ನಾಗಿಯೂ ಇರುತ್ತದೆ.

ನಮ್ಮ ಯಜಮಾನರು ಮುದ್ದುಕೃಷ್ಣ ಅವರ ನೌಕರಿ ನವೆಂಬರಿಗೆ ಮುಗಿಯುತ್ತದೆ. ಆಮೇಲೆ ನಾವು ಮೈಸೂರಿಗೆ ಹೊರಡುವವರು. ಈ ವರ್ಷದ್ದು ನನ್ನ ಕೊನೆಯ ನಾಟಕ. ಕೊನೆಯ ಸಲ ಒಮ್ಮೆ ವಿಂಗಿನಲ್ಲಿ ಕೂತು ಎದ್ದು ಹೋಗಬೇಕೆಂಬ ಆಸೆ ಇತ್ತು. ವಿಂಗೇ ಇಲ್ಲದ ನಾಟಕ ಮಾಡುತ್ತಿದ್ದೀರಿ. ರಾಜೀನಾಮೆ ಸ್ವೀಕರಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾಂತಾಮಣಿ ಮುದ್ದುಕೃಷ್ಣ

ವಿ.ಸೂ.: ಆ ಸ್ಟೂಲು ನನ್ನ ಸ್ವಂತದ್ದು. ಕಳೆದ ವರ್ಷ ನಾಟಕ ಮುಗಿದ ಮೇಲೆ ನಿಮ್ಮ ಕಾರಿನ ಡಿಕ್ಕಿಯಲ್ಲಿ ಹೋಗಿದೆ.


ಅಲ್ ವಕ್ರಾ
ಜೂನ್ 15, 2020

ಪ್ರೀತಿಯ ಕಾಂತಾಮಣಿ ಆಂಟಿಗೆ,

ಸಾಷ್ಟಾಂಗ ನಮಸ್ಕಾರ. ತಪ್ಪಾಯಿತು. ನಿಮ್ಮನ್ನು ಫ್ಲಾಸ್ಕಿನ ಮುಂದೆ ಬರೆಯಬೇಕಿತ್ತು ಎಂದು ಹೇಳಲು ಹೊರಟಿದ್ದೆ. ಅದನ್ನು ಓದಿದ ಸಹನಾ, "ರೀ, ಇನ್ನೂ ಕೆಟ್ಟದಾಗತ್ತೆ, ಸುಮ್ನೆ ಸಾರಿ ಅನ್ನಿ" ಎಂದಳು. ಹೆಂಡತಿಯ ಮಾತಿನಂತೆ, ಸಾರಿ.

ಆದರೂ ನನ್ನ ಕಷ್ಟ ಕೇಳಿ. ಸಭಾಂಗಣ ಮುಚ್ಚಿದೆ. ಜನ ಸೇರುವಂತಿಲ್ಲ. ನಾಟಕವೇ ಬೇಡ ಎಂದರೆ ಒಂದು ವರ್ಷ ತಪ್ಪುತ್ತದೆ, ಒಂದು ವರ್ಷ ತಪ್ಪಿದ ತಂಡ ಮತ್ತೆ ಏಳುವುದಿಲ್ಲ. ಅದಕ್ಕೇ ಝೂಮಿಗೆ ಒಗ್ಗುವಂಥದ್ದನ್ನೇ ಬರೆದೆ. 'ಗೋಡೆಯಾಚೆ ಗಂಗಮ್ಮ'ದಲ್ಲಿ ಎರಡೇ ಪಾತ್ರ. ಶಾಮಣ್ಣ, ಗಂಗಮ್ಮ. ಅಕ್ಕಪಕ್ಕದ ಮನೆ, ನಡುವೆ ಕಾಂಪೌಂಡು, ಮೂವತ್ತು ವರ್ಷದ ಜಗಳ. ಕೊನೆಗೆ ಗಂಗಮ್ಮ ಮನೆ ಖಾಲಿ ಮಾಡಿ ಹೋಗುತ್ತಾಳೆ, ಶಾಮಣ್ಣನಿಗೆ ಅವಳ ಬೆಲೆ ತಿಳಿಯುತ್ತದೆ. ಅವರಿಬ್ಬರೂ ಮುಟ್ಟಿಕೊಳ್ಳುವುದೇ ಇಲ್ಲ, ಒಂದೇ ಕೋಣೆಗೆ ಬರುವುದೇ ಇಲ್ಲ. ಝೂಮಿನಲ್ಲಿ ಎರಡು ಚೌಕ ಎಂದರೆ ಎರಡು ಮನೆ. ಸಯೀದ್ ಭಾಯ್ ಶಾಮಣ್ಣ, ನರ್ಸ್ ಬೆನಿಟಾ ಗಂಗಮ್ಮ. ರೆಕಾರ್ಡಿಂಗ್ ಇಲ್ಲ, ಪೂರ್ತಿ ಲೈವ್. ರೆಕಾರ್ಡ್ ಮಾಡಿದರೆ ಅದು ಸಿನಿಮಾ ಆಗುತ್ತದೆ, ಅಷ್ಟು ಮಾನ ನನಗೂ ಇದೆ.

ಸ್ಕ್ರಿಪ್ಟು ಕ್ಯಾಮೆರಾದ ಕೆಳಗೇ ತೆರೆದಿರುತ್ತದೆ, ನೋಡಿಕೊಂಡು ಹೇಳಬಹುದು, ಹಾಗಾಗಿ ಪ್ರಾಂಪ್ಟರ್ ಬೇಡವೆಂದೆ. ನಿಮ್ಮನ್ನು ಬೇಡವೆಂದದ್ದಲ್ಲ.

ರಾಜೀನಾಮೆ ಸ್ವೀಕರಿಸಲು ಆಗುವುದಿಲ್ಲ. ಸಮಿತಿಯವರು ಎದುರುಬದುರು ಕೂತು ಸ್ವೀಕರಿಸಬೇಕೆಂದು ನೀವೇ ನಿಯಮ ಮಾಡಿದ್ದೀರಿ, ಈಗ ಎದುರುಬದುರು ಕೂರುವಂತಿಲ್ಲ. ಅಲ್ಲಿಯವರೆಗೆ ಒಂದು ಕೆಲಸ ವಹಿಸಿಕೊಳ್ಳಿ. ನೋಡುಗರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುವುದು, ಅವರ ಮೈಕು ಮ್ಯೂಟ್ ಮಾಡುವುದು. ಹುದ್ದೆಯ ಹೆಸರು ಡಿಜಿಟಲ್ ಸಂಯೋಜಕಿ.

ಸ್ಟೂಲಿನ ಮೇಲೆ ಸದ್ಯ ನನ್ನ ಆಫೀಸ್ ಲ್ಯಾಪ್‌ಟಾಪ್ ಕೂತಿದೆ. ಕ್ಷಮಿಸಿ.

ನಿಮ್ಮ,
ಪ್ರಶಾಂತ್


ಐನ್ ಖಾಲಿದ್
ಜೂನ್ 28, 2020

ಪ್ರಶಾಂತ್ ಅವರಿಗೆ,

ಹುದ್ದೆ ವಹಿಸಿಕೊಂಡಿದ್ದೇನೆ. ಇಷ್ಟು ವರ್ಷ ಬಾಯಿಗೆ ಮಾತು ಎತ್ತಿಕೊಟ್ಟವಳಿಗೆ ಈಗ ಬಾಯಿ ಮುಚ್ಚಿಸುವ ಕೆಲಸ. ಮುದ್ದುಕೃಷ್ಣ ಅವರಿಗೆ ಫೋನಿನಲ್ಲಿ ಹೇಳಿದೆ. "ಅದಕ್ಕೆ ಮನೇಲೇ ಟ್ರೈನಿಂಗ್ ಆಗಿದೆಯಲ್ಲ ನಿಂಗೆ" ಎಂದರು. ಸೋಂಕಿನ ಭಯಕ್ಕೆ ಅವರನ್ನು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲೇ ಉಳಿಸಿಕೊಂಡಿದ್ದಾರೆ, ಪಾಳಿ ಮುಗಿಯುವ ತನಕ ಮನೆಗೆ ಬಿಡುವುದಿಲ್ಲ. ಅಷ್ಟು ದೂರದಲ್ಲಿದ್ದಾಗ ಅವರಿಗೆ ಧೈರ್ಯ ಬರುತ್ತದೆ.

ಮೊನ್ನೆಯ ಮೊದಲ ರಿಹರ್ಸಲ್ ಬಗ್ಗೆ ನೀವು ಗ್ರೂಪಿನಲ್ಲಿ "ಸೂಪರ್" ಎಂದು ಬರೆದದ್ದು ನೋಡಿದೆ. ನಾನು ಕಂಡದ್ದು ಹೀಗೆ.

ಇಬ್ಬರ ಕಣ್ಣೂ ಎಡದಿಂದ ಬಲಕ್ಕೆ ಹೋಗಿ, ಸಾಲು ಮುಗಿದ ಕೂಡಲೇ ಮತ್ತೆ ಎಡಕ್ಕೆ ಬರುತ್ತಿದ್ದವು. ಮೂವತ್ತು ವರ್ಷ ಜಗಳವಾಡಿದವರಂತೆ ಅವರು ಕಾಣಲಿಲ್ಲ, ಕಣ್ಣಿನ ಡಾಕ್ಟರ ಮುಂದೆ ಕೂತವರಂತೆ ಕಂಡರು. ಅದೂ ಹೋಗಲಿ. ಸಯೀದ್ ಭಾಯ್ ಎಷ್ಟು ಶ್ರದ್ಧೆಯಿಂದ ಓದಿದರೆಂದರೆ, ಸಾಲಿನ ಜೊತೆಗೆ ನಿಮ್ಮ ಸೂಚನೆಗಳನ್ನೂ ಓದಿದರು. "ಗಂಗಮ್ಮ, ನಿಮ್ಮ ನುಗ್ಗೆಮರ ನನ್ನ ಅಂಗಳಕ್ಕೆ ಬಾಗಿದೆ ಎರಡು ಸಲ ಕೆಮ್ಮಿ ಸಿಟ್ಟಿನಿಂದ ಎಡಕ್ಕೆ ತಿರುಗುವನು" ಎಂದು ಒಂದೇ ಉಸಿರಿಗೆ ಹೇಳಿ, ಆಮೇಲೆ ನಿಜಕ್ಕೂ ಎರಡು ಸಲ ಕೆಮ್ಮಿದರು. ಆಗ ಬೆನಿಟಾ ಗಂಗಮ್ಮನನ್ನು ಅಲ್ಲೇ ಬಿಟ್ಟು ನರ್ಸಾಗಿಬಿಟ್ಟಳು. "ಸಯೀದಣ್ಣ, ಜ್ವರ ಉಂಟಾ? ರುಚಿ ಗೊತ್ತಾಗ್ತದಾ? ನಾಳೆ ಬಂದು ಟೆಸ್ಟ್ ಮಾಡ್ಸಿ." ಅವರು ಇದು ಸ್ಕ್ರಿಪ್ಟಿನಲ್ಲಿ ಎಲ್ಲಿದೆ ಎಂದು ಹುಡುಕತೊಡಗಿದರು.

ಇನ್ನು ಗೋಡೆಯ ಮೇಲಿಂದ ಕಾಫಿ ಕೊಡುವ ದೃಶ್ಯ. ಅವರು ತಮ್ಮ ಬಲಗಡೆಗೆ ಸ್ಟೀಲ್ ಲೋಟ ಚಾಚಿದರು. ಬೆನಿಟಾಳೂ ತನ್ನ ಬಲಗಡೆಗೇ ಕೈ ಚಾಚಿ ಆಸ್ಪತ್ರೆಯ ಕಾಗದದ ಕಪ್ಪು ಎಳೆದುಕೊಂಡಳು. ಶಾಮಣ್ಣನ ಕಾಫಿ ಯಾರ ಮನೆಗೆ ಹೋಯಿತೋ, ಗಂಗಮ್ಮನಿಗೆ ಯಾರು ಕೊಟ್ಟರೋ ತಿಳಿಯಲಿಲ್ಲ.

ಕೊನೆಯದಾಗಿ, ಎರಡನೇ ದೃಶ್ಯದಿಂದ ನೀವು ಕೊಟ್ಟ ಸಲಹೆಗಳು ಯಾರಿಗೂ ಕೇಳಿಸಿಲ್ಲ. ಅಭ್ಯಾಸಕ್ಕೆಂದು ಒಬ್ಬರನ್ನು ಮ್ಯೂಟ್ ಮಾಡಿ ನೋಡಿದೆ, ಅದು ನೀವಾಗಿದ್ದಿರಿ. ನೀವು ಕೈ ಬೀಸುತ್ತಾ ಬಹಳ ಹೊತ್ತು ಮಾತಾಡಿದಿರಿ. ಆ ಭಾಗದಲ್ಲಿ ಇಬ್ಬರೂ ಸ್ವಲ್ಪ ಚೆನ್ನಾಗಿಯೇ ನಟಿಸಿದರು, ಹಾಗಾಗಿ ತೆಗೆಯಲಿಲ್ಲ.

ಇತಿ,
ಕಾಂತಾಮಣಿ
ಡಿಜಿಟಲ್ ಸಂಯೋಜಕಿ


ಅಲ್ ಹಿಲಾಲ್
ಜುಲೈ 9, 2020

ಕಾಂತಕ್ಕನಿಗೆ ಸಯೀದನ ಸಲಾಂ.

ನನಗೆ ಪತ್ರ ಬರೆದು ಅಭ್ಯಾಸ ಇಲ್ಲ. ಮಾಲು ಬಂದಿದೆ, ಮಾಲು ಬಂದಿಲ್ಲ, ಇಷ್ಟೇ ನಾನು ಬರೆಯುವುದು. ಆದರೆ ತಂಡದ ವಿಷಯ ಪತ್ರದಲ್ಲೇ ಹೇಳಬೇಕು ಅಂತ ನಿಮ್ಮ ಕಾನೂನು ಉಂಟಲ್ಲ.

ಸ್ಕ್ರೀನ್ ನೋಡಿ ನಟಿಸುವುದು ನನ್ನಿಂದ ಆಗುವುದಿಲ್ಲ ಅಕ್ಕ. ಓದಿದರೆ ಸಿಟ್ಟು ಬರುವುದಿಲ್ಲ, ಸಿಟ್ಟು ಬಂದರೆ ಸಾಲು ಕಾಣುವುದಿಲ್ಲ. ಬಾಯಿಪಾಠ ಮಾಡಿ ಅಂತ ನಫೀಸಾ ಹೇಳುತ್ತಾಳೆ. ಅವಳಿಗೆ ಏನು, ಹೆಂಡತಿಯರಿಗೆ ಎಲ್ಲವೂ ಬಾಯಿಪಾಠ ಇರುತ್ತದೆ. ನಾನು ಯಾವಾಗ ಪೂರ್ತಿ ಕಲಿತದ್ದು? ಅರ್ಧ ನಾನು ಕಲಿಯುವುದು, ಉಳಿದ ಅರ್ಧ ನಿಮ್ಮ ಹತ್ತಿರ ಇರುವುದು. ಹದಿನೆಂಟು ವರ್ಷ ನಾವು ಪಾಲುದಾರಿಕೆಯಲ್ಲಿ ನಾಟಕ ಮಾಡಿದ್ದು. ನೀವು ನಿಮ್ಮ ಪಾಲು ತೆಗೆದುಕೊಂಡು ಎದ್ದರೆ ಅಂಗಡಿ ಖಲಾಸ್.

ಹಾಗಾಗಿ ಒಂದು ಉಪಾಯ. ಮನೆಯಲ್ಲಿ ಮೊಮ್ಮಕ್ಕಳ ಆನ್‌ಲೈನ್ ಕ್ಲಾಸಿನ ಗಲಾಟೆ. ನನ್ನ ಅಬಾಯಾ, ಬುರ್ಖಾದ ಅಂಗಡಿ ಹೇಗೂ ಮುಚ್ಚಿದೆ, ನಾನು ಅದರ ಹಿಂದಿನ ಕೋಣೆಯಲ್ಲಿ ಕೂತುಕೊಳ್ಳುತ್ತೇನೆ. ರಿಹರ್ಸಲ್ ಆಗುವಾಗ ನೀವು ನನ್ನ ಮೊಬೈಲಿಗೆ ಫೋನ್ ಮಾಡಿ. ವಯರನ್ನು ನಾನು ಕಿವಿಗೆ ಸಿಕ್ಕಿಸಿ ಮೇಲಿನಿಂದ ಮುಂಡಾಸು ಕಟ್ಟುತ್ತೇನೆ. ನೀವು ನಿಧಾನಕ್ಕೆ ಹೇಳಿದರೆ ಸಾಕು, ಮೊದಲಿನ ಹಾಗೆ. ಪ್ರಶಾಂತನಿಗೆ ಹೇಳುವುದು ಬೇಡ. ಅವ ಒಳ್ಳೆಯ ಹುಡುಗ, ಆದರೆ ಎಲ್ಲದಕ್ಕೂ ಒಂದು ಆ್ಯಪ್ ಉಂಟು ಅಂತ ತಿಳಿದಿದ್ದಾನೆ.

ನೀವು ನವೆಂಬರಿನಲ್ಲಿ ಹೋಗುವುದು ಖಂಡಿತವಾ? ಇದಕ್ಕೆ ಉತ್ತರ ಬರೆಯುವುದು ಬೇಡ.

ನಿಮ್ಮ ತಮ್ಮ,
ಸಯೀದ್


ಅಲ್ ವಕ್ರಾ
ಆಗಸ್ಟ್ 22, 2020

ಕಾಂತಾಮಣಿ ಆಂಟಿ,

ಒಂದು ವಿಷಯ ನೇರವಾಗಿ ಕೇಳುತ್ತೇನೆ.

ಸಯೀದ್ ಭಾಯ್ ಕಳೆದ ತಿಂಗಳಿಂದ ಅದ್ಭುತವಾಗಿ ನಟಿಸುತ್ತಿದ್ದಾರೆ. ಕಣ್ಣು ಓಡುವುದಿಲ್ಲ, ಸಿಟ್ಟು ಬರುತ್ತದೆ, ಸೂಚನೆಗಳನ್ನು ಓದುವುದಿಲ್ಲ. ಆದರೆ ಶಾಮಣ್ಣ ನಿವೃತ್ತ ಪೋಸ್ಟ್ ಮಾಸ್ಟರ್. ಮನೆಯೊಳಗೆ ಮುಂಡಾಸು ಯಾಕೆ ಎಂದು ಕೇಳಿದೆ. "ಎಸಿ ತಂಪು ಮಾರಾಯ" ಎಂದರು. ಎಸಿ ಆಫ್ ಮಾಡಿ ಎಂದೆ. "ಆಗಸ್ಟಲ್ಲಿ ದೋಹಾದಲ್ಲಿ ಎಸಿ ಆಫ್ ಮಾಡ್ಲಿಕ್ಕೆ ಹೇಳುವ ನಿರ್ದೇಶಕ ನೀನೊಬ್ಬನೇ" ಎಂದರು.

ನಿನ್ನೆ ಹತ್ತಿಪ್ಪತ್ತು ಜನರನ್ನು ಕರೆದು ಟ್ರಯಲ್ ಮಾಡಿದೆವಲ್ಲ, ಎರಡನೇ ದೃಶ್ಯದಲ್ಲಿ ಅವರ ಚಿತ್ರ ನಿಂತುಹೋಯಿತು. ಬಾಯಿ ಅರ್ಧ ತೆರೆದೇ ಇತ್ತು. ಆಗ ಎಲ್ಲಿಂದಲೋ ಒಂದು ಹೆಣ್ಣು ದನಿ, "ನಿಮ್ಮ ಬಟ್ಟೆ ಒಣಗುವುದು ನನ್ನ ಬಿಸಿಲಿನಲ್ಲಿ" ಎಂದಿತು. ಸ್ವಲ್ಪ ತಡೆದು ಮತ್ತೆ ಅದನ್ನೇ ಹೇಳಿತು. ಆಮೇಲೆ ಜೋರಾಗಿ ಹೇಳಿತು. ಕೊನೆಗೆ, "ಸಯೀದ್ ಭಾಯ್, ಬದುಕಿದ್ದೀರಾ ಇಲ್ವಾ?" ಎಂದು ಕೇಳಿತು. ಎಲ್ಲರನ್ನೂ ಮ್ಯೂಟ್ ಮಾಡಿದ ಸಂಯೋಜಕಿ ತಾವು ಮಾತ್ರ ಮ್ಯೂಟ್ ಆಗಿರಲಿಲ್ಲ.

ಮಂಗಳೂರಿನಿಂದ ನೋಡಿದ ಒಬ್ಬರು ನನಗೆ ಫೋನ್ ಮಾಡಿ, ಶಾಮಣ್ಣನ ಸತ್ತ ಹೆಂಡತಿಯ ದನಿಯನ್ನು ತಂದದ್ದು ನಾಟಕದಲ್ಲೇ ಶ್ರೇಷ್ಠ ಭಾಗ ಎಂದರು. ಶಾಮಣ್ಣನಿಗೆ ನಾನು ಮದುವೆಯನ್ನೇ ಮಾಡಿಸಿಲ್ಲ. ಅವರೇ, ಹಿಂದೆ ಕಪ್ಪು ಬಟ್ಟೆಯಲ್ಲಿ ಸಾಲಾಗಿ ನಿಂತ ಹೆಂಗಸರು ಕಾಲದ ಪ್ರತೀಕವೇ ಎಂದೂ ಕೇಳಿದರು. ಅವು ಸಯೀದ್ ಭಾಯ್ ಅಂಗಡಿಯ, ಅಬಾಯಾ ತೊಟ್ಟ ಬೊಂಬೆಗಳು ಎಂದು ಹೇಳಲು ಮನಸ್ಸು ಬರಲಿಲ್ಲ, ಹೌದು ಎಂದೆ.

ಬಯ್ಯಲು ಬರೆದದ್ದಲ್ಲ ಆಂಟಿ. ಕೇಳಿಕೊಳ್ಳಲು ಬರೆದದ್ದು. ಬೆನಿಟಾಳಿಗೂ ನೀವೇ ಎತ್ತಿಕೊಡಬೇಕು. ಕೋವಿಡ್ ವಾರ್ಡಿನ ಡ್ಯೂಟಿ ಮುಗಿಸಿ ಬಂದು ಕೂರುತ್ತಾಳೆ, ಅವಳಿಗೆ ಅಕ್ಷರಗಳೇ ಕಾಣುತ್ತಿಲ್ಲ. ಪೋಸ್ಟರಿನಲ್ಲಿ ನಿಮ್ಮ ಹೆಸರು ಹಾಕಿಸಿದ್ದೇನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರೂ ಹಾಕಿಲ್ಲ ಎಂದು ಹಳೆಯ ಪೋಸ್ಟರುಗಳನ್ನು ನೋಡಿದಾಗ ತಿಳಿಯಿತು. ನಾಚಿಕೆಯಾಯಿತು.

ನಿಮ್ಮ,
ಪ್ರಶಾಂತ್


ಐನ್ ಖಾಲಿದ್
ಆಗಸ್ಟ್ 25, 2020

ಪ್ರಶಾಂತಾ,

ಇನ್ನು ಮುಂದೆ ಏಕವಚನ. ಹೆಸರು ಹಾಕಿಸಿದವನಿಗೆ ಬಹುವಚನ ಬಳಸಿದರೆ ದೂರ ಇಟ್ಟಂತಾಗುತ್ತದೆ.

ಪತ್ತೆ ಹಚ್ಚಿದ್ದಕ್ಕೆ ಅಭಿನಂದನೆ, ಆರು ವಾರ ತಡವಾಯಿತು ಅಷ್ಟೆ. ಮೊನ್ನೆ ಆದದ್ದಕ್ಕೆ ನನಗೇ ನನ್ನ ಮೇಲೆ ಸಿಟ್ಟಿದೆ. ಮರೆವು, ಮೌನ, ಇವೆರಡನ್ನು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಈಗ ಮೂರನೆಯದೊಂದು ಬಂದು ಕೂತಿದೆ. ನೆಟ್‌ವರ್ಕ್ ಹೋದಾಗಲೂ ಮನುಷ್ಯ ಥೇಟ್ ಮರೆತವನ ಹಾಗೇ ನಿಲ್ಲುತ್ತಾನೆ, ಮಹಾನಟನ ಮೌನದ ಹಾಗೆಯೂ ಕಾಣುತ್ತಾನೆ. ನಾನು ಎತ್ತಿಕೊಟ್ಟದ್ದು ಒಂದು ನಿಂತ ಚಿತ್ರಕ್ಕೆ. ಈ ವಯಸ್ಸಿನಲ್ಲಿ ಮತ್ತೆ ಒಂದನೇ ಕ್ಲಾಸಿಗೆ ಸೇರಿದ ಹಾಗಾಗಿದೆ. ಈಗ ಉಪಾಯ ಕಂಡುಕೊಂಡಿದ್ದೇನೆ. ಎಸಿಯ ಗಾಳಿಗೆ ಒಂದು ಬೊಂಬೆಯ ತೋಳು ಅಲ್ಲಾಡುತ್ತಿರುತ್ತದೆ. ತೋಳು ನಿಂತರೆ ನೆಟ್‌ವರ್ಕ್. ತೋಳು ಆಡುತ್ತಿದ್ದು ಸಯೀದ್ ಭಾಯ್ ನಿಂತರೆ ಅದು ನನ್ನ ಇಲಾಖೆ.

ಬೆನಿಟಾಳ ವಿಷಯ ನೀನು ಹೇಳಬೇಕಾಗಿಲ್ಲ. ಹೋದ ಮಂಗಳವಾರ ರಿಹರ್ಸಲ್ ಅರ್ಧಕ್ಕೆ ನಿಂತದ್ದು ನೆಟ್‌ವರ್ಕಿನಿಂದ ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು. ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು, ಮಾಸ್ಕಿನ ಗೆರೆ ಕೆನ್ನೆಯಲ್ಲಿ ಹಾಗೇ ಇತ್ತು. ಅವಳ ಕ್ಯಾಮೆರಾ ಆಫ್ ಮಾಡಿಬಿಟ್ಟೆ. ಎಬ್ಬಿಸಲು ಮನಸ್ಸಾಗಲಿಲ್ಲ.

ಒಂದು ದೂರಿದೆ. ಕೊನೆಯ ದೃಶ್ಯದಲ್ಲಿ ಗಂಗಮ್ಮ ಸೂಟ್‌ಕೇಸ್ ಹಿಡಿದು ನಿಂತಾಗ ಶಾಮಣ್ಣನ ಬಾಯಲ್ಲಿ ಇದನ್ನು ಹೇಳಿಸಿದ್ದೀಯ: "ಗಂಗಮ್ಮ, ನಿನ್ನ ಹೆಜ್ಜೆಯ ಸದ್ದಿಲ್ಲದ ಈ ಬೀದಿ ಇನ್ನು ನನ್ನ ಪಾಲಿಗೆ ನೀರಿಲ್ಲದ ನದಿ, ಹೂವಿಲ್ಲದ ಚೈತ್ರ, ಚುಕ್ಕಿಯಿಲ್ಲದ ಇರುಳು." ಪೋಸ್ಟ್ ಮಾಸ್ಟರುಗಳು ಹೀಗೆ ಮಾತಾಡುವುದನ್ನು ನಾನು ಕಂಡಿಲ್ಲ. ಸಯೀದ್ ಭಾಯ್ ಪ್ರತಿ ಸಲವೂ ಅಲ್ಲೇ ಮುಗ್ಗರಿಸುತ್ತಾರೆ. ಕತ್ತರಿಸಬಹುದೇ?

ಇತಿ,
ಕಾಂತಾಮಣಿ
ಪ್ರಾಂಪ್ಟರ್


ಅಲ್ ವಕ್ರಾ
ಆಗಸ್ಟ್ 26, 2020

ಆಂಟಿ,

ಆ ಸಾಲು ಬಿಟ್ಟು ಬೇರೆ ಏನು ಬೇಕಾದರೂ ಕತ್ತರಿಸಿ. ಅದನ್ನು ಬರೆದ ದಿನ ನನಗೇ ಕಣ್ಣು ತುಂಬಿತ್ತು.

ಪ್ರಶಾಂತ್


ಐನ್ ಖಾಲಿದ್
ಅಕ್ಟೋಬರ್ 14, 2020

ಚಿ. ಪ್ರಶಾಂತನಿಗೆ ಆಶೀರ್ವಾದಗಳು.

ಮುದ್ದುಕೃಷ್ಣ ಅವರು ಕೊನೆಯ ಪಾಳಿ ಮುಗಿಸಿ ಮನೆಗೆ ಬಂದಿದ್ದಾರೆ. ಪ್ಲಾಂಟಿನವರು ಬೀಳ್ಕೊಡುಗೆಯನ್ನೂ ಝೂಮಿನಲ್ಲೇ ಮಾಡಿ, ಶಾಲಿನ ಚಿತ್ರ ತೋರಿಸಿದರಂತೆ. ನವೆಂಬರ್ ಮೂರನೇ ವಾರಕ್ಕೆ ವಿಮಾನದ ಸೀಟು ಸಿಕ್ಕಿದೆ. ಮನೆ ತುಂಬ ರಟ್ಟಿನ ಪೆಟ್ಟಿಗೆ. ಸೋಫಾ ಮಾರಿದೆವು. ಈಗ ಇಬ್ಬರೂ ನೆಲದ ಮೇಲೆ ಕೂತು ಊಟ ಮಾಡುತ್ತೇವೆ, ಮದುವೆಯಾದ ಹೊಸದರಲ್ಲಿ ಇದ್ದ ಹಾಗೆ. ಅವರು ಮಂಡಿನೋವು ಎನ್ನುವುದೊಂದೇ ವ್ಯತ್ಯಾಸ.

ಬರೆದದ್ದು ಒಂದು ಮಾತು ಹೇಳಲು. ನಾಟಕ ಮುಗಿದ ಮೇಲೆ ನನ್ನ ಬಗ್ಗೆ ಯಾರೂ ಭಾಷಣ ಮಾಡಕೂಡದು. ಹಾರ, ಮೊಮೆಂಟೊ, "ಎರಡು ಮಾತು" ಯಾವುದೂ ಬೇಡ. ಮಾಡಿದರೆ ಎಲ್ಲರನ್ನೂ ಮ್ಯೂಟ್ ಮಾಡುತ್ತೇನೆ, ಆ ಅಧಿಕಾರ ಇನ್ನೂ ನನ್ನ ಕೈಯಲ್ಲೇ ಇದೆ. ಈ ಊರು ಬಿಡುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಯಾರಾದರೂ ಅದನ್ನು ಎದುರಿಗೆ ಹೇಳಿದರೆ ನಾನು ಕೆಲಸಕ್ಕೆ ಬಾರದವಳಾಗುತ್ತೇನೆ.

ಇತಿ,
ಕಾಂತಾಮಣಿ


ಅಲ್ ವಕ್ರಾ
ಅಕ್ಟೋಬರ್ 31, 2020

ಪ್ರೀತಿಯ ಆಂಟಿ,

ನಿನ್ನೆ ಸಂಜೆಯಿಂದ ಫೋನು ಕೆಳಗಿಡಲು ಬಿಡುವಾಗಿಲ್ಲ. ದೋಹಾ, ಮೈಸೂರು, ಮಂಗಳೂರು, ದುಬೈ, ಯಾರ್ಯಾರೋ ನೋಡಿದ್ದಾರೆ. ಸಭಾಂಗಣದಲ್ಲಿ ಮಾಡಿದ್ದರೆ ಇದರ ಕಾಲು ಭಾಗವೂ ಬರುತ್ತಿರಲಿಲ್ಲ, ಬಂದವರೂ ಊಟದ ಕೂಪನ್ ವಿಚಾರಿಸುತ್ತಿದ್ದರು. ಎಲ್ಲರೂ ಹೇಳುತ್ತಿರುವುದು ಒಂದೇ, ಆ ಕೊನೆಯ ಮೌನ.

ನನ್ನ ಪಾಡು ಹೇಳುತ್ತೇನೆ. ಬೆನಿಟಾ ಸೂಟ್‌ಕೇಸ್ ಎತ್ತಿಕೊಂಡು ನಿಂತಳು. ಸಯೀದ್ ಭಾಯ್ "ಗಂಗಮ್ಮ" ಎಂದರು. ನಿಂತರು. ನನ್ನ ಸಾಲು ಬರಲಿಲ್ಲ. ಇನ್ನೂ ಬರಲಿಲ್ಲ. ನೆಟ್‌ವರ್ಕ್ ಹೋಯಿತೆಂದು ನಾನು 'ತಾಂತ್ರಿಕ ಅಡಚಣೆ, ಕ್ಷಮಿಸಿ' ಎಂಬ ಸ್ಲೈಡಿನ ಮೇಲೆ ಬೆರಳಿಟ್ಟೆ. ಆಗಲೇ ನಿಮ್ಮ ಮೆಸೇಜ್ ಬಂತು: "ಮುಟ್ಟಬೇಡ." ಮತ್ತೆ ನೋಡಿದೆ. ಅವರು ಕಣ್ಣು ಮಿಟುಕಿಸಿದರು. ಬದುಕಿದ್ದಾರೆ, ನೇರ ನೋಡುತ್ತಿದ್ದಾರೆ, ಬಾಯಿ ಮಾತ್ರ ತೆರೆಯುತ್ತಿಲ್ಲ. ನನ್ನ ಮಗಳು ಗಗನಾ ಬಂದು "ಅಂಕಲ್ ಯಾಕೆ ಹ್ಯಾಂಗ್ ಆದ್ರು?" ಎಂದು ಕೇಳಿದಳು. ಸಹನಾ ಅವಳ ಬಾಯಿ ಮುಚ್ಚಿದಳು, ನಾವಿಬ್ಬರೂ ಮ್ಯೂಟ್ ಆಗಿದ್ದೆವು ಎಂಬುದು ಆಮೇಲೆ ನೆನಪಾಯಿತು.

ಎಷ್ಟೋ ಹೊತ್ತಿನ ಮೇಲೆ ಅವರು ತಮ್ಮ ಊರಿನ ಮಾತಿನಲ್ಲೇ, ತೀರಾ ಮೆಲ್ಲಗೆ ಹೇಳಿದರು: "ಗಂಗಮ್ಮ, ಇನ್ನು ನಾನು ಮರೆತ್ರೆ ಹೇಳಿಕೊಡುದು ಯಾರು?"

ಅದು ನನ್ನ ಸಾಲಲ್ಲ. ಬೆನಿಟಾಳಿಗೆ ತನ್ನ ಮಾತು ಶುರು ಮಾಡುವ ಕ್ಯೂ ಸಿಗಲಿಲ್ಲ. ಅವಳು ಸೂಟ್‌ಕೇಸ್ ಕೆಳಗಿಟ್ಟಳು, ಅದೂ ನಾನು ಬರೆದದ್ದಲ್ಲ. "ಮರೆತ್ರೆ ಮರೀರಿ ಶಾಮಣ್ಣ. ನಿಮ್ಮ ಬಾಯಿಗೆ ಏನಾದ್ರೂ ಬರ್ತದೆ" ಎಂದಳು. ಸೂಟ್‌ಕೇಸ್ ಎತ್ತಿಕೊಂಡು ಹೋಗಿ ಕ್ಯಾಮೆರಾ ಆಫ್ ಮಾಡಿದಳು. ಪರದೆಯ ಮೇಲೆ ಸಯೀದ್ ಭಾಯ್ ಒಬ್ಬರೇ ಉಳಿದರು. ನಾನು ಬೇರೇನೂ ತೋಚದೆ ಅಲ್ಲಿಗೇ ಮುಗಿಸಿದೆ.

ನನ್ನ ನದಿ, ಚೈತ್ರ, ಇರುಳು ಮೂರೂ ಹೋದವು. ಬೇಸರವಿಲ್ಲ ಎಂದರೆ ಸುಳ್ಳು. ಆದರೆ ಎಲ್ಲರೂ ಹೊಗಳುತ್ತಿರುವುದು ಆ ಮೌನವನ್ನು, ಅದರ ಹಿಂದೆಯೇ ಬಂದ, ನಾನು ಬರೆಯದ ಆ ಎರಡು ಸಾಲನ್ನು. ನಿಮ್ಮನ್ನು ಎರಡು ಕೇಳಬೇಕು. ಒಂದು, ಅದು ಮೌನವೋ ಮರೆವೋ? ಅವರನ್ನು ಕೇಳಿದರೆ "ಅದು ಕಲೆ ಮಾರಾಯ" ಎನ್ನುತ್ತಾರೆ. ಎರಡು, ನೀವು ಮೈಸೂರಿಗೆ ಹೋದರೇನು, ಫೋನು ಅಲ್ಲಿಂದಲೂ ಹೋಗುತ್ತದೆ. ಮುಂದಿನ ವರ್ಷ ಸಭಾಂಗಣವೇ ಸಿಗಲಿ, ಸಯೀದ್ ಭಾಯ್ ಕಿವಿಯಲ್ಲಿ ನೀವೇ ಇರಬಹುದಲ್ಲ? ಇದನ್ನು ನಿರ್ದೇಶಕನಾಗಿ ಕೇಳುತ್ತಿಲ್ಲ.

ನಿಮ್ಮ,
ಪ್ರಶಾಂತ್


ಐನ್ ಖಾಲಿದ್
ನವೆಂಬರ್ 4, 2020

ಚಿ. ಪ್ರಶಾಂತನಿಗೆ,

ಅದು ಮರೆವು. ಅಪ್ಪಟ ಮರೆವು. ನನಗೆ ಒಂದು ಉಸಿರು ಕೂಡ ಬೇಕಾಗಲಿಲ್ಲ.

ಹೇಗೆ ತಿಳಿಯಿತೆಂದರೆ, ಸಯೀದ್ ಭಾಯ್ ಮರೆತಾಗ ನನ್ನ ಕಡೆ ನೋಡುತ್ತಾರೆ. ರಂಗದ ಮೇಲಾದರೆ ಕುತ್ತಿಗೆ ಹೊರಳಿಸದೆ ಕಣ್ಣು ಮಾತ್ರ ವಿಂಗಿನ ಕಡೆಗೆ ತರುತ್ತಾರೆ. ಹದಿನೆಂಟು ವರ್ಷ ನಾನು ಕಂಡದ್ದು ಆ ಒಂದು ಕಣ್ಣು, ಒಂದು ಕಿವಿ, ಅರ್ಧ ಮೀಸೆ. ಅವರ ಮುಖವನ್ನು ಪೂರ್ತಿಯಾಗಿ, ಎದುರಿನಿಂದ ನೋಡಿದ್ದು ಈ ನಾಟಕದಲ್ಲೇ. ಶುಕ್ರವಾರ ಸಾಲು ಕೈಕೊಟ್ಟಾಗ ಅವರು ನನ್ನನ್ನು ಹುಡುಕಿ ಕ್ಯಾಮೆರಾಕ್ಕೆ ನೆಟ್ಟ ನೋಟ ಇಟ್ಟರು. ನೋಡುತ್ತಿದ್ದ ಪ್ರತಿಯೊಬ್ಬರಿಗೂ ಶಾಮಣ್ಣ ತಮ್ಮನ್ನೇ ನೋಡುತ್ತಿದ್ದಾನೆ ಎನಿಸಿತು. ನಿನ್ನ ಮಹಾಮೌನ ಅಷ್ಟೇ.

ಸಾಲು ನನ್ನ ನಾಲಿಗೆಯ ತುದಿಯಲ್ಲಿತ್ತು. "ನಿನ್ನ ಹೆಜ್ಜೆಯ" ಎಂದಿದ್ದರೆ ಸಾಕಿತ್ತು. ಬಾಯಿ ತೆರೆದೆ. ಮುಂದಿನ ವರ್ಷ ಈ ಮನುಷ್ಯ ಹೀಗೇ ನಿಂತು ಹೀಗೇ ಹುಡುಕುತ್ತಾರೆ, ಆಗ ಅಲ್ಲಿ ನಾನಿರುವುದಿಲ್ಲ ಎಂದು ಆ ಕ್ಷಣಕ್ಕೆ ಹೊಳೆಯಿತು. ಕೈಯಿಂದ ಬಾಯಿ ಮುಚ್ಚಿಕೊಂಡೆ. ನಿನಗೆ ಮೆಸೇಜ್ ಮಾಡಿದ್ದು ಇನ್ನೊಂದು ಕೈಯಲ್ಲಿ. ಎಷ್ಟು ಭಯವಾಯಿತೆಂದು ಹೇಳಲಾರೆ. ಅವರು ಅಲ್ಲೇ ಬಿದ್ದುಹೋಗಿದ್ದರೆ, ಅಷ್ಟು ಜನರ ಮುಂದೆ ಅವರನ್ನು ಕೆಡವಿದವಳು ನಾನಾಗುತ್ತಿದ್ದೆ. ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಮುದ್ದುಕೃಷ್ಣ ಅವರು, ನನ್ನ ನಾಟಕಗಳಿಗೆಲ್ಲ ಬಂದು ಎರಡನೇ ಸಾಲಿನಲ್ಲಿ ನಿದ್ದೆ ಮಾಡಿದವರು, ಎಚ್ಚರವಾಗಿದ್ದು ನನ್ನ ಮೊಣಕೈ ಹಿಡಿದುಕೊಂಡಿದ್ದರು.

ಆಮೇಲೆ ಅವರು ಕೇಳಿದರಲ್ಲ, ಅದು ಶಾಮಣ್ಣ ಗಂಗಮ್ಮನನ್ನು ಕೇಳಿದ್ದಲ್ಲ ಎಂದು ನಿನಗೂ ಗೊತ್ತು. ನಾನು ಅತ್ತೆ. ಮ್ಯೂಟ್ ಆಗಿದ್ದೆನೋ ಇಲ್ಲವೋ ನೋಡಿಕೊಳ್ಳಲಿಲ್ಲ. ಹಿನ್ನೆಲೆಯಲ್ಲಿ ಯಾರೋ ಅತ್ತದ್ದು ಚೆನ್ನಾಗಿತ್ತು ಎಂದು ಯಾರಾದರೂ ಹೊಗಳಿದರೆ ಒಪ್ಪಿಕೊಂಡುಬಿಡು.

ಮೈಸೂರಿನಿಂದ ಎತ್ತಿಕೊಡುವುದು ಬೇಡಪ್ಪ. ಆಸೆ ಇಲ್ಲವೆಂದಲ್ಲ, ನಿನ್ನ ಪತ್ರದ ಆ ಸಾಲನ್ನು ನಾಲ್ಕು ಸಲ ಓದಿದೆ. ಆದರೆ ಬೆನಿಟಾ ಹೇಳಿದ್ದನ್ನು ನಾನು ಮೀರಲಾರೆ. ಅವರ ಬಾಯಿಗೆ ಏನಾದರೂ ಬರುತ್ತದೆ, ನಿನ್ನ ಚೈತ್ರಕ್ಕಿಂತ ಒಳ್ಳೆಯದೇ ಬರುತ್ತದೆ. ಮುಂದಿನ ವರ್ಷ ನನಗೊಂದು ಲಿಂಕ್ ಕಳಿಸು. ಎಲ್ಲರ ಹಾಗೆ ನಾನೂ ಎದುರಿಗೆ ಕೂತು, ನಗು ಬಂದಲ್ಲಿ ನಗುತ್ತಾ ನೋಡಬೇಕು.

ನಾಟಕ ಮುಗಿದ ಸ್ವಲ್ಪ ಹೊತ್ತಿಗೆ ಸಯೀದ್ ಭಾಯ್ ಫೋನ್ ಬಂತು. "ಕಾಂತಕ್ಕ, ನಾನು ಅಷ್ಟು ಹೊತ್ತು ಕಾದೆ. ಸಾಲು ಯಾಕೆ ಕೊಡ್ಲಿಲ್ಲ?" ಎಂದರು.

"ನೆಟ್‌ವರ್ಕ್ ಹೋಗಿತ್ತು ಸಯೀದ್ ಭಾಯ್" ಎಂದೆ.

ಅವರು ನಕ್ಕರು. "ಸುಳ್ಳು ಹೇಳ್ಲಿಕ್ಕೆ ನಿಮಗೆ ಬರುದೇ ಇಲ್ಲ ಕಾಂತಕ್ಕ. ಸುಳ್ಳು ಹೇಳುವಾಗ ನಿಮ್ಮ ಹತ್ರ ನಾನು ನಿಲ್ಬೇಕು, ಪ್ರಾಂಪ್ಟರ್ ಆಗಿ."

ನನಗೆ ಮಾತು ಬರಲಿಲ್ಲ. ಎತ್ತಿಕೊಡುವವರು ಯಾರೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಊಟವಾಯಿತೇ ಎಂದು ಕೇಳಿದೆ.

ಇತಿ,
ಕಾಂತಾಮಣಿ